ಒಲೆ ಹಳೆಯದಾದರೆ ಹೊಗೆ ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮದು ಚಳ್ಳಕೆರೆ ಹತ್ತಿರದ ಹಳ್ಳಿ. ಹೊಗೆಕೊಳವೆಯ ಮಣ್ಣಿನ ಒಲೆ ಹಾಕಿಸಿ ಕೆಲವು ವರ್ಷಗಳಾದವು. ಮೊದಲು ಹೊಗೆ ಕಾಣುತ್ತಲೇ ಇರಲಿಲ್ಲ, ಈಗ ಕಣ್ಣು ಬಿಡಲಾಗುವುದಿಲ್ಲ. ಕೆಡವಿ ಹೊಸದು ಹಾಕಿಸಬೇಕೇ?

ಕೆಡವಬೇಡಿ. ಮಣ್ಣಿನ ಒಲೆಯ ಮೈ ಅಷ್ಟು ಬೇಗ ಹಾಳಾಗುವುದಿಲ್ಲ. ಕಟ್ಟಿಕೊಳ್ಳುವುದು ಹೊಗೆ ಹೊರಹೋಗುವ ದಾರಿ. ಒಲೆಯ ಬಾಯಲ್ಲಿ ಕಾಗದದ ಚೂರೊಂದನ್ನು ಹೊತ್ತಿಸಿ ನೋಡಿ. ಉರಿ ಒಳಕ್ಕೆ ಬಾಗಿದರೆ ಸೆಳೆತ ಸರಿಯಿದೆ. ನೆಟ್ಟಗೆ ನಿಂತರೆ ಅಥವಾ ನಿಮ್ಮ ಕಡೆಗೇ ಬಾಗಿದರೆ ಕೊಳವೆಯಲ್ಲಿ ಮಸಿ ತುಂಬಿರಬೇಕು, ಇಲ್ಲವೇ ಒಲೆ ಸಂದು ಬಿಟ್ಟಿರಬೇಕು. ಸಂದಿನಿಂದ ತಣ್ಣನೆಯ ಗಾಳಿ ನುಗ್ಗಿದರೆ ಕೊಳವೆಯ ಬಿಸಿ ಇಳಿದು ಸೆಳೆತ ಸತ್ತುಹೋಗುತ್ತದೆ.

ಒಲೆ ಪೂರ್ತಿ ಆರಿದ ಮೇಲೆ ಉದ್ದ ಕೋಲಿಗೆ ಗೋಣಿತಟ್ಟು ಕಟ್ಟಿ ಕೊಳವೆಯನ್ನು ಮೇಲಿನಿಂದ ತಿಕ್ಕಿ, ಬುಡಕ್ಕೆ ಬಿದ್ದ ಮಸಿ ತೆಗೆಯಿರಿ. ಕೊಳವೆ ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಸಿಮೆಂಟಿನದಾಗಿದ್ದರೆ ಮಾತ್ರ ತಿಕ್ಕಲೇಬೇಡಿ. ಆ ನಾರಿನ ದೂಳು ಶ್ವಾಸಕೋಶಕ್ಕೆ ಕೇಡು. ಬಿರುಕಿಗೆ ಹುತ್ತದ ಮಣ್ಣು, ಹೊಟ್ಟು, ಸಗಣಿ ಕಲಸಿ ಮೆತ್ತಿ. ಸೌದೆಯ ಕೆಳಗಿನ ಜರಡಿ ಬಾಗಿ ಬೂದಿ ಕಟ್ಟಿಕೊಂಡಿದ್ದರೆ ಅದೊಂದನ್ನೇ ಬದಲಿಸಿ. ತಗಡಿನ ಒಲೆಯಾಗಿದ್ದರೆ ಮಾತು ಬೇರೆ: ಉರಿಗೂಡಿನ ಕಬ್ಬಿಣ ಕಾದು ಕಾದು ಹಕ್ಕಳೆ ಎದ್ದು ತೂತಾದ ಮೇಲೆ ತೇಪೆ ನಿಲ್ಲದು.

ಸೌದೆಯನ್ನೂ ನೋಡಿ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬಳ್ಳಾರಿ ಜಾಲಿಯನ್ನು ಸೀಳಿ ಬೇಸಿಗೆಯಿಡೀ ಒಣಗಿಸಿ, ಮಳೆಗೆ ಮುಂಚೆ ಒಳಗಿಡಿ.

ಒಡಿಶಾದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಸುಧಾರಿತ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದ್ದರು. ಮೊದಲ ವರ್ಷ ಹೊಗೆಯ ಸೇವನೆ ಇಳಿಯಿತು, ಆಮೇಲೆ ಆ ಲಾಭ ಉಳಿಯಲಿಲ್ಲ. ಒಲೆಯ ಬಳಕೆ ಕ್ರಮೇಣ ತಪ್ಪಿಹೋಗಿತ್ತು, ದುರಸ್ತಿ ನಡೆದಿರಲಿಲ್ಲ. ಇದಕ್ಕೆ ಅಡುಗೆ ಮಾಡುವ ಹೆಂಗಸರನ್ನು ದೂರುವುದು ಅನ್ಯಾಯ. ಒಲೆ ಕಟ್ಟಿಕೊಟ್ಟವರು ಸೂರು ಹತ್ತಿ ಕೊಳವೆ ತೊಳೆಯುವವರು ಯಾರೆಂದು ಯೋಚಿಸಬೇಕಿತ್ತು. 1983ರಲ್ಲಿ ಆರಂಭವಾಗಿ 2002ರಲ್ಲಿ ನಿಂತ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದ ದೊಡ್ಡ ಕೊರತೆಯೂ ಇದೇ ಎಂದು ನನಗೆ ಅನಿಸುತ್ತದೆ.

ದುರಸ್ತಿಯಾದ ಒಲೆಯೂ ಶುದ್ಧವಲ್ಲ. ಕೊಳವೆ ಹೊಗೆಯನ್ನು ಅಂಗಳಕ್ಕೆ ಸಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, ಸೂಕ್ಷ್ಮ ಕಣಗಳಿಗೆ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಸೌದೆ ಉರಿಯುವ ಅಡುಗೆಮನೆ ಅದರ ಹತ್ತಿರಕ್ಕೂ ಬರುವುದಿಲ್ಲ. ಮನೆಯಲ್ಲಿ ಹಸುಗೂಸು, ಬಸುರಿ ಅಥವಾ ಉಬ್ಬಸದವರು ಇದ್ದರೆ ದಿನದ ಅಡುಗೆಗೆ ಗ್ಯಾಸ್ ಇರಲಿ, ಸ್ನಾನದ ಹಂಡೆಯ ಒಲೆಯನ್ನು ಹಿತ್ತಲಿಗೆ ಸಾಗಿಸಿ.