ಪ್ಯಾನ್‌ಕೇಕ್ ಜಗಳದಲ್ಲಿ ನೀರಿನ ಪಾತ್ರ

ಪ್ಯಾನ್‌ಕೇಕ್ ದಪ್ಪಗೆ, ಮೆತ್ತಗೆ ಇರಬೇಕು ಎನ್ನುವವರು ಒಂದು ಪಕ್ಷ. ತೆಳ್ಳಗೆ ಹರಡಿ ಅಂಚು ಕೆಂಪಾಗಿರಬೇಕು ಎನ್ನುವವರು ಇನ್ನೊಂದು ಪಕ್ಷ. ವಾಫಲ್ ಕಚ್ಚಿದರೆ ಪಕ್ಕದವರಿಗೂ ಕೇಳಿಸಬೇಕು ಎನ್ನುವವರು ಮೂರನೆಯವರು. ದೋಸೆಯ ವಿಷಯದಲ್ಲಿ ನಾವು ಮೊದಲಿನಿಂದಲೂ ಆಡುತ್ತ ಬಂದ ಜಗಳ ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಧಾರವಾಡದ ಸಪ್ತಾಪುರದಲ್ಲಿ, ಕಾಲೇಜು ಹುಡುಗರು ಮುತ್ತಿಕೊಳ್ಳುವ ಅಂಗಡಿಗಳ ಮುಂದೆ ಹೊಸ ವೇಷ ತೊಟ್ಟು ನಿಂತಿದೆ. ನನ್ನನ್ನು ಕೇಳಿದರೆ ಇದು ರುಚಿಯ ಜಗಳಕ್ಕಿಂತ ಹೆಚ್ಚಾಗಿ ನೀರಿನ ಜಗಳ. ಹಿಟ್ಟಿಗೆ ಎಷ್ಟು ನೀರು ಬಿತ್ತು, ಹಂಚಿನ ಮೇಲೆ ಅದರಲ್ಲಿ ಎಷ್ಟು ಆವಿಯಾಯಿತು, ಆ ಆವಿ ಯಾವ ದಾರಿಯಿಂದ ಹೊರಬಿತ್ತು, ಉಳಿದದ್ದು ಎಲ್ಲಿ ಅಡಗಿತು ಎಂದು ಗೊತ್ತಾದರೆ, ಬಾಯಿಗೆ ಹಾಕಿಕೊಳ್ಳುವ ಮೊದಲೇ ಅದು ಯಾರಿಗೆ ಹಿಡಿಸುತ್ತದೆ ಎಂದು ಹೇಳಬಹುದು.

ಇದನ್ನು ಲೆಕ್ಕಕ್ಕೆ ಇಳಿಸಿದವರೂ ಇದ್ದಾರೆ. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಜಗತ್ತಿನ 14 ಬಗೆಯ ಪ್ಯಾನ್‌ಕೇಕ್‌ಗಳನ್ನು ಅಳೆದು ನೋಡಿದರು. ಅವರು ನೋಡಿದ್ದು ಮುಖ್ಯವಾಗಿ ಎರಡು ಸಂಗತಿ. ಒಂದು, ಒಣ ಹಿಟ್ಟು ನೂರು ಪಾಲು ಇದ್ದರೆ ದ್ರವ ಎಷ್ಟು ಪಾಲು ಎಂಬುದು. ಇನ್ನೊಂದು, ಪ್ಯಾನ್‌ಕೇಕಿನ ವ್ಯಾಸದ ಘನವನ್ನು ಅದಕ್ಕೆ ಬಳಸಿದ ಹಿಟ್ಟಿನ ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆ. ದ್ರವದ ಪಾಲು 100ರಿಂದ 225ರವರೆಗೆ ಏರಿಳಿಯಿತು. ಎರಡನೆಯ ಸಂಖ್ಯೆ ಫ್ರಾನ್ಸಿನ ತೆಳ್ಳನೆಯ ಕ್ರೇಪ್‌ಗೆ 300 ಬಂದರೆ, ಹಾಲೆಂಡಿನ ಪೊಫರ್ಟ್ಯೆಸ್‌ಗೆ ಕೇವಲ 3. ಈ ಪೊಫರ್ಟ್ಯೆಸ್ ಬೇಯುವುದು ಸಾಲು ಸಾಲು ಗುಳಿಗಳಿರುವ ಹಂಚಿನಲ್ಲಿ. ಆ ಹಂಚನ್ನು ಧಾರವಾಡದ ಯಾವುದೇ ಅಡುಗೆಮನೆಗೆ ತಂದಿಟ್ಟರೆ ಮರುದಿನ ಬೆಳಿಗ್ಗೆ ಅದರಲ್ಲಿ ಪಡ್ಡು ಬೇಯುತ್ತಿರುತ್ತದೆ.

ಹಿಟ್ಟು ಗಟ್ಟಿಯಾಗಿದ್ದಷ್ಟೂ ಅಡಿಯಲ್ಲಿ ಹುಟ್ಟುವ ಆವಿಗೆ ದಾರಿ ಸಿಗುವುದಿಲ್ಲ. ಅದು ಅಲ್ಲೇ ಸಿಕ್ಕಿಕೊಂಡು ಹಿಟ್ಟನ್ನು ಹಂಚಿನಿಂದ ಅಲ್ಲಲ್ಲಿ ಎತ್ತಿ ಹಿಡಿಯುತ್ತದೆ. ಎತ್ತಿದ ಜಾಗ ಬಿಳಿಯಾಗಿ, ತಗುಲಿದ ಜಾಗ ಕಂದಾಗಿ, ಅಡಿಯೆಲ್ಲ ಕುಳಿ ಕುಳಿಯಾಗುತ್ತದೆ. ತೆಳು ಹಿಟ್ಟಿನಲ್ಲಿ ಆವಿ ಸಲೀಸಾಗಿ ಹೊರಬೀಳುವುದರಿಂದ ಬಣ್ಣವೂ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ. ಈ ತಂಡದಲ್ಲಿ ಒಬ್ಬರು ನೇತ್ರತಜ್ಞ, ಪೆಂಗ್ ಖಾ. ಗ್ಲಾಕೋಮಾ ರೋಗದಲ್ಲಿ ಕಣ್ಣೊಳಗಿನ ದ್ರವ ಹೊರಹರಿಯಲು ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆ ಅವರ ಕ್ಷೇತ್ರ. ಬಾಗುವ ಹಾಳೆಯ ಅಡಿಯಿಂದ ದ್ರವ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಕಣ್ಣಿಗೂ ಹಂಚಿಗೂ ಒಂದೇ.

ಇನ್ನು ಕಲಸುವ ಕೈ. ಗೋಧಿಗೆ ನೀರು ಬಿದ್ದೊಡನೆ ಅದರಲ್ಲಿರುವ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಚೆನ್ನಾಗಿ ನಾದಿದಷ್ಟೂ ಬಲೆ ಬಿಗಿಯುತ್ತದೆ. ಚಪಾತಿಗೆ ಅದೇ ಬೇಕು. ಪ್ಯಾನ್‌ಕೇಕಿಗೆ ಅದೇ ಕೇಡು. ಹಿಟ್ಟಿನಲ್ಲಿ ಗಂಟು ಕಂಡರೆ ನಮ್ಮ ಮನೆಗಳಲ್ಲಿ ಯಾರ ಕೈಯೂ ಸುಮ್ಮನಿರುವುದಿಲ್ಲ, ಒಂದು ಗಂಟೂ ಉಳಿಯದ ಹಾಗೆ ತಿರುವುತ್ತಾರೆ. ಆಮೇಲೆ ಪ್ಯಾನ್‌ಕೇಕ್ ಎಳೆದರೂ ಹರಿಯುವುದಿಲ್ಲ ಎಂದು ಮೈದಾವನ್ನು ಬಯ್ಯುತ್ತಾರೆ. ಸಣ್ಣ ಗಂಟುಗಳು ಉಳಿದರೆ ಏನೂ ಕೆಡುವುದಿಲ್ಲ, ನೀರು ತಾನಾಗಿ ಒಳಹೊಕ್ಕು ಅವನ್ನು ನೆನೆಸುತ್ತದೆ. ಕ್ರೇಪ್ ಹಿಟ್ಟನ್ನು ಒಂದು ಗಂಟೆ ಎತ್ತಿಡುವುದೂ ಇದಕ್ಕೇ: ಪಿಷ್ಟದ ಕಣಗಳು ನೀರು ಕುಡಿಯುತ್ತವೆ, ಬಿಗಿದ ಗ್ಲುಟೆನ್ ಸಡಿಲವಾಗುತ್ತದೆ.

ನಮ್ಮ ಜೋಳದಲ್ಲಿ ಈ ಗ್ಲುಟೆನ್ ಇಲ್ಲವೇ ಇಲ್ಲ. ಹಿಟ್ಟು ಒಂದಕ್ಕೊಂದು ಅಂಟಲಿ ಎಂದು ರೊಟ್ಟಿ ಬಡಿಯುವವರು ಎಸರಿಟ್ಟು, ಕುದಿಯುವ ನೀರನ್ನೇ ಹಿಟ್ಟಿಗೆ ಸುರಿಯುತ್ತಾರೆ. ಬಿಸಿಗೆ ಪಿಷ್ಟದ ಒಂದು ಭಾಗ ಉಬ್ಬಿ ಅಂಟಾಗುತ್ತದೆ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ. ಜೋಳದ ಹಿಟ್ಟಿನ ಪ್ಯಾನ್‌ಕೇಕ್ ಮಗುಚುವಾಗ ಪುಡಿಪುಡಿಯಾಗುತ್ತದೆ ಎನ್ನುವವರಿಗೆ ಉಪಾಯ ಇಲ್ಲಿಯೇ ಇದೆ. ಹಿಟ್ಟಿನ ಕಾಲು ಭಾಗವನ್ನು ಎಸರಿನಲ್ಲಿ ಕದಡಿ, ಆರಿದ ಮೇಲೆ ಉಳಿದದ್ದಕ್ಕೆ ಸೇರಿಸಿದರೆ ಹಿಡಿತ ಬರುತ್ತದೆ. ಹೀಗೆ ಮಾಡಿದ, ಅಂಚು ಕಟುಂ ಎನ್ನುವ ತೆಳ್ಳನೆಯ ಜೋಳದ ಪ್ಯಾನ್‌ಕೇಕ್ ನನ್ನ ಪಕ್ಷ. ಅದಕ್ಕೆ ಜೇನು, ಚಾಕೊಲೇಟ್ ಸುರಿಯುವವರೊಡನೆ ನಾನು ವಾದಕ್ಕೆ ಇಳಿಯುವುದಿಲ್ಲ. ನನ್ನ ತಟ್ಟೆಯಲ್ಲಿ ಶೇಂಗಾ ಚಟ್ನಿ ಇದ್ದರೆ ಸಾಕು.

ದಪ್ಪನೆಯ ಪಕ್ಷದವರಿಗೆ ಬೇಕಾಗುವುದು ಗಾಳಿ. ದೋಸೆ ಹಿಟ್ಟಿನಲ್ಲಿ ರಾತ್ರಿಯಿಡೀ ಕುಳಿತು ಇಂಗಾಲದ ಡೈಆಕ್ಸೈಡ್ ಬಿಡುವ ಕೆಲಸ ಲ್ಯೂಕೊನೊಸ್ಟಾಕ್‌ನಂತಹ ಬ್ಯಾಕ್ಟೀರಿಯಾಗಳದ್ದು. ಅಷ್ಟು ಹೊತ್ತು ಕಾಯಲು ಮನಸ್ಸಿಲ್ಲದವರಿಗಾಗಿ 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದ. ಯೀಸ್ಟ್ ಅವನ ಹೆಂಡತಿಗೆ ಒಗ್ಗುತ್ತಿರಲಿಲ್ಲ. 1856ರಲ್ಲಿ ಅಮೆರಿಕದ ಎಬೆನ್ ಹಾರ್ಸ್‌ಫರ್ಡ್ ಅಡುಗೆ ಸೋಡಾಕ್ಕೆ ಜೊತೆಯಾಗುವ ಆಮ್ಲೀಯ ಕ್ಯಾಲ್ಸಿಯಂ ಫಾಸ್ಫೇಟ್‌ಗೆ ಪೇಟೆಂಟ್ ಪಡೆದ. ಆಗ ಅದನ್ನು ಮೂಳೆಗಳಿಂದ ತೆಗೆಯುತ್ತಿದ್ದರು, ಈಗ ಖನಿಜದಿಂದ ತೆಗೆಯುತ್ತಾರೆ, ಶಾಕಾಹಾರಿಗಳು ಗಾಬರಿಯಾಗಬೇಕಾಗಿಲ್ಲ. ಇಂದಿನ ಪೌಡರ್ ಎರಡು ಸಲ ಅನಿಲ ಬಿಡುತ್ತದೆ, ನೀರು ತಗುಲಿದಾಗ ಒಮ್ಮೆ, ಬಿಸಿ ತಗುಲಿದಾಗ ಇನ್ನೊಮ್ಮೆ. ಹಂಚಿನ ಮೇಲೆ ಗುಳ್ಳೆ ಒಡೆದು, ಒಡೆದ ತೂತು ಮತ್ತೆ ಮುಚ್ಚಿಕೊಳ್ಳದೆ ಹಾಗೆಯೇ ನಿಂತರೆ ಸುತ್ತಲಿನ ಪಿಷ್ಟ ಗಟ್ಟಿಯಾಗಿದೆ ಎಂದರ್ಥ. ಮಗುಚುವ ಹೊತ್ತು ಅದೇ.

ಸೋಡಾ ಬಣ್ಣದಲ್ಲೂ ಕೈಯಾಡಿಸುತ್ತದೆ. ಸಕ್ಕರೆ ಮತ್ತು ಪ್ರೋಟೀನು ಬಿಸಿಯಲ್ಲಿ ಕೂಡಿ ಕಂದು ಬಣ್ಣವನ್ನೂ ನೂರಾರು ಪರಿಮಳಗಳನ್ನೂ ಹುಟ್ಟಿಸುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ. ಧಾರವಾಡ ಪೇಡೆ ಆ ಬಣ್ಣ ಪಡೆಯುವುದೂ ಈ ಕ್ರಿಯೆಯಿಂದಲೇ: ಖೋವಾದಲ್ಲಿರುವ ಹಾಲಿನ ಸಕ್ಕರೆ ಮತ್ತು ಹಾಲಿನ ಪ್ರೋಟೀನು, ಜೊತೆಗೆ ಹುರಿಯುವವರ ತಾಳ್ಮೆ. ಹಂಚಿನ ಮೇಲೆ ಅಷ್ಟು ತಾಳ್ಮೆಗೆ ಸಮಯವಿಲ್ಲ. ಅಲ್ಲಿ ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದಾಗ ಕ್ರಿಯೆ ಚುರುಕಾಗುತ್ತದೆ, ಮತ್ತು ನೀರು ಆರದೆ ಮೇಲ್ಮೈ ಅಷ್ಟು ಬಿಸಿಯಾಗುವುದಿಲ್ಲ. ಕ್ಷಾರ ಈ ಕ್ರಿಯೆಗೆ ಒತ್ತಾಸೆ, ಹುಳಿ ಅಡ್ಡಗಾಲು. ಮಜ್ಜಿಗೆ ಹೆಚ್ಚಾಗಿ ಸೋಡಾ ಕಡಿಮೆಯಾದರೆ ಪ್ಯಾನ್‌ಕೇಕ್ ಬೆಂದಿದ್ದರೂ ಬಿಳಚಿಕೊಂಡಿರುತ್ತದೆ. ಸೋಡಾ ಹೆಚ್ಚಾದರೆ ಚಂದ ಕೆಂಪಾಗುತ್ತದೆ, ಬಾಯಿಗೆ ಸಾಬೂನು ತಗುಲಿದಂತಾಗುತ್ತದೆ. ಅತಿಯಾಗಿ ಹುಳಿ ಬಂದ ಹಿಟ್ಟಿನ ದೋಸೆ ಕೆಂಪಾಗದಿರುವುದೂ ಇದೇ ಕಾರಣಕ್ಕೆ. ಅಲ್ಲಿ ಆಮ್ಲವೂ ಹೆಚ್ಚು, ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸಿಯೂ ಆಗಿರುತ್ತದೆ. ಹೋಟೆಲಿನವರು ಚಿಟಿಕೆ ಸಕ್ಕರೆ ಹಾಕುವುದು ಸಿಹಿಗಾಗಿ ಅಲ್ಲ.

ಮೊಟ್ಟೆ ಹಾಕುವುದೋ ಬೇಡವೋ ಎಂಬುದು ನಮ್ಮ ಕಡೆ ರುಚಿಯ ಮಾತಲ್ಲ, ಮನೆತನದ ಮಾತು. ಮೊಟ್ಟೆಯ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಗುಳ್ಳೆಗಳ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ, ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆ ಮತ್ತು ನೀರನ್ನು ಬೇರ್ಪಡದಂತೆ ಬೆರೆಸಿಡುತ್ತದೆ. ಇದಕ್ಕೆ ಬದಲಾಗಿ ಹೊರದೇಶದ ಸಸ್ಯಾಹಾರಿಗಳು ಬಳಸುವ ಕಾಳು ಯಾವುದು ಎಂದು ನೋಡಿದರೆ ನಮ್ಮ ಅಗಸೆ! ಪುಡಿ ಮಾಡಿ ನೀರಿನಲ್ಲಿ ನೆನೆಸಿದಾಗ ಅದು ಬಿಡುವ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟನ್ನು ಬಿಗಿಯುತ್ತದೆ. ರೊಟ್ಟಿಗೆ ಅಗಸೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುವವರ ಮನೆಯಲ್ಲಿ ಆ ಡಬ್ಬಿ ಹುಡುಕಬೇಕಾಗಿಲ್ಲ, ಆದರೆ ಖಾರ, ಬೆಳ್ಳುಳ್ಳಿ ಬೆರೆಸುವ ಮೊದಲೇ ಎತ್ತಿಟ್ಟುಕೊಳ್ಳಬೇಕು. ಮೊಟ್ಟೆಯಷ್ಟು ಹಗುರವಾಗಿ ಉಬ್ಬಿಸುವ ಶಕ್ತಿ ಅದಕ್ಕಿಲ್ಲ. ಮಗುಚುವಾಗ ಒಡೆಯದಿದ್ದರೆ ಸಾಕು ಎನ್ನುವವರಿಗೆ ಅಷ್ಟು ಸಾಕು.

ವಾಫಲ್‌ಗೆ ಬಂದರೆ ಆಟವೇ ಬೇರೆ. ಎರಡು ಕಾದ ತಟ್ಟೆಗಳ ನಡುವೆ ಹಿಟ್ಟು ಸಿಕ್ಕಿಕೊಳ್ಳುತ್ತದೆ, ಚೌಕುಳಿ ಗುಣಿಗಳಿಂದಾಗಿ ಬಿಸಿಗೆ ತಗುಲುವ ಮೇಲ್ಮೈ ಹೆಚ್ಚುತ್ತದೆ, ನೀರು ನಾಲ್ಕೂ ಕಡೆಯಿಂದ ಆವಿಯಾಗಿ ನುಗ್ಗುತ್ತದೆ. ಅಮೆರಿಕದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ 1869ರ ಆಗಸ್ಟ್ 24ರಂದು ಒಲೆಯ ಮೇಲಿಟ್ಟು ತಿರುಗಿಸಬಹುದಾದ ವಾಫಲ್ ಅಚ್ಚಿಗೆ ಪೇಟೆಂಟ್ ಪಡೆದ. ಈಗಿನ ವಿದ್ಯುತ್ ಯಂತ್ರದಲ್ಲಿ ತಿರುಗಿಸುವ ಗೋಜಿಲ್ಲ, ಆವಿಯ ನಿಯಮ ಮಾತ್ರ ಅದೇ. ಅಂಚಿನಿಂದ ಹೊಗೆಯಂತೆ ಏಳುವ ಆವಿ ಕಡಿಮೆಯಾಗುವವರೆಗೆ ಮುಚ್ಚಳ ಎತ್ತಬಾರದು. ಬೆಲ್ಜಿಯಂನವರಲ್ಲೂ ಪಕ್ಷಭೇದವಿದೆ. ಬ್ರಸೆಲ್ಸ್‌ನ ವಾಫಲ್ ತೆಳು ಹಿಟ್ಟಿನದು, ಹಗುರ, ಆಳವಾದ ಗುಣಿಗಳದ್ದು. ಲಿಯೇಜ್‌ನದು ನಾದಿದ ಗಟ್ಟಿ ಹಿಟ್ಟಿನದು. ಅದರಲ್ಲಿ ಸಕ್ಕರೆಯ ಹರಳುಗಳು ಕರಗಿ ಹೊರಪದರವೆಲ್ಲ ಕ್ಯಾರಮೆಲ್ ಆಗುತ್ತದೆ.

ಯಂತ್ರದಿಂದ ಆಗತಾನೆ ತೆಗೆದ ವಾಫಲ್ ಮೆತ್ತಗಿರುತ್ತದೆ. ಅದನ್ನು ಕಂಡು ಮತ್ತೆ ಒಳಗೆ ತಳ್ಳಿ ಸುಡುವವರಿದ್ದಾರೆ. ಐಸ್‌ಕ್ರೀಮ್ ಕೋನ್ ತಯಾರಿಸುವವರನ್ನು ನೋಡಿ: ಬಿಸಿ ಇರುವಾಗ ಬಿಲ್ಲೆಯನ್ನು ಬಟ್ಟೆಯ ಹಾಗೆ ಸುತ್ತುತ್ತಾರೆ, ಕೆಲವೇ ಕ್ಷಣಗಳಲ್ಲಿ ಅದು ಮುಟ್ಟಿದರೆ ಮುರಿಯುವಷ್ಟು ಪೆಡಸಾಗುತ್ತದೆ. ನೀರು ಕಳೆದುಕೊಂಡ ಸಕ್ಕರೆ, ಪಿಷ್ಟ ತಣಿದಾಗ ಅಣುಗಳು ಜರುಗಾಡಲಾಗದೆ ಇದ್ದಲ್ಲೇ ನಿಂತುಬಿಡುತ್ತವೆ. ವಿಜ್ಞಾನಿಗಳು ಇದನ್ನು ಗಾಜಿನ ಸ್ಥಿತಿ ಎನ್ನುತ್ತಾರೆ, ಗರಿಗರಿ ಎಂದರೆ ಈ ಸ್ಥಿತಿಯೇ. ಅದಕ್ಕೆ ಮತ್ತೆ ನೀರು ಸೇರಿದರೆ ಅಣುಗಳು ಜಾರತೊಡಗುತ್ತವೆ, ಗಾಜಿನ ಸ್ಥಿತಿ ಮುಗಿಯುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಚುರುಮುರಿ ಮೆತ್ತಗಾಗುವುದು ಹೀಗೆ. ಅದೇ ಅಳತೆ, ಅದೇ ಯಂತ್ರದ ವಾಫಲ್ ಏಪ್ರಿಲ್ ತಿಂಗಳ ಗದಗಿನಲ್ಲಿ ಹೆಚ್ಚು ಹೊತ್ತು ಗರಿಗರಿಯಾಗಿ ಉಳಿಯುತ್ತದೆ. ಹೊರಗಿನ ಗಾಳಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ವಾಫಲ್ಲಿನ ಹೊಟ್ಟೆಯಲ್ಲಿ ಉಳಿದ ನೀರೇ ನಿಧಾನವಾಗಿ ಹೊರಪದರಕ್ಕೆ ಬರುತ್ತದೆ. ಒಂದರ ಮೇಲೊಂದು ಪೇರಿಸಿದರೆ, ಬಿಸಿಬಿಸಿಯಾಗಿ ಪಾರ್ಸೆಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಆ ಕೆಲಸ ಇನ್ನೂ ಬೇಗ. ಜಾಲರಿಯ ಮೇಲೆ ಬಿಡಿಬಿಡಿಯಾಗಿ ಆರಲು ಬಿಡುವುದೊಂದೇ ದಾರಿ. ಮೈದಾದ ಸ್ವಲ್ಪ ಭಾಗ ತೆಗೆದು ಅಕ್ಕಿ ಹಿಟ್ಟು ಅಥವಾ ಕಾರ್ನ್‌ಫ್ಲೋರ್ ಹಾಕಿದರೂ ಗರಿಗರಿ ಹೆಚ್ಚುತ್ತದೆ.

ಈ ಗರಿಗರಿಯನ್ನು ಬಾಯಿಗಿಂತ ಕಿವಿ ಮೊದಲು ಗುರುತಿಸುತ್ತದೆ. ಮಾಸ್ಸಿಮಿಲಿಯಾನೊ ಝಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಆಲೂಗಡ್ಡೆ ಚಿಪ್ಸ್ ಕಚ್ಚಿದರು, ಕಚ್ಚಿದ ಸದ್ದು ಹೆಡ್‌ಫೋನಿನ ಮೂಲಕ ಅವರಿಗೇ ಕೇಳಿಸುತ್ತಿತ್ತು. ಸದ್ದನ್ನು, ಅದರಲ್ಲೂ ಅದರ ತಾರ ಸ್ಥಾಯಿಯ ಭಾಗವನ್ನು ಹೆಚ್ಚಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದರು. ಈ ಕೆಲಸಕ್ಕೆ 2008ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ಅಮೆರಿಕದ ಮೆಲಿಸ್ಸಾ ಜೆಲ್ಟೆಮಾ ಮತ್ತು ಸಂಗಡಿಗರು ತಿನ್ನುವ ರೀತಿಯ ಮೇಲೆಯೇ ಜನರನ್ನು ನಾಲ್ಕು ಗುಂಪು ಮಾಡಿದ್ದಾರೆ: ಅಗಿಯುವವರು, ಕಟಕಟ ಕಡಿಯುವವರು, ಚೀಪುವವರು, ನಾಲಿಗೆ ಮತ್ತು ಅಂಗುಳಿನ ನಡುವೆ ಅಮುಕುವವರು. ಮೆತ್ತನೆಯ ಪ್ಯಾನ್‌ಕೇಕ್ ಬೇಡುವವರನ್ನು ಕಡೆಯ ಗುಂಪಿನಲ್ಲಿ ಹುಡುಕಬಹುದು ಎಂಬುದು ನನ್ನ ಊಹೆ. ಅಂಥವರಿಗೆ ಗರಿಗರಿಯ ಗುಣಗಾನ ಮಾಡಿ ಒಪ್ಪಿಸಲು ಹೋಗುವುದು ವ್ಯರ್ಥ.

ಉಳಿದದ್ದನ್ನು ಇಡುವ ವಿಷಯದಲ್ಲಿ ಎಲ್ಲ ಪಕ್ಷಗಳೂ ಒಂದಾಗಬಹುದು. ಬೆಂದ ಪಿಷ್ಟ ತಣಿದಾಗ ಮತ್ತೆ ಒತ್ತಾಗಿ ಜೋಡಿಕೊಂಡು ನೀರನ್ನು ಹೊರದೂಡಿ ಬಿರುಸಾಗುತ್ತದೆ, ಮತ್ತು ಫ್ರಿಜ್ಜಿನ 4 ಡಿಗ್ರಿಯ ಆಸುಪಾಸಿನಲ್ಲಿ ಈ ಕ್ರಿಯೆ ಬಲು ವೇಗ. ಫ್ರೀಜರಿನಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ಎರಡನ್ನೂ ಫ್ರೀಜರಿನಲ್ಲಿಯೇ ಇಟ್ಟು, ಪ್ಯಾನ್‌ಕೇಕನ್ನು ಮುಚ್ಚಿದ ಹಂಚಿನಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ, ವಾಫಲ್ಲನ್ನು ನೀರಿನ ಪಸೆಯಿಲ್ಲದೆ ಟೋಸ್ಟರಿನಲ್ಲಿ ಬಿಸಿ ಮಾಡಬೇಕು. ಮೈಕ್ರೋವೇವ್‌ಗೆ ಹಾಕಿದರೆ ವಾಫಲ್ ಮೆತ್ತಗಾಗುತ್ತದೆ, ತಣಿದ ಮೇಲೆ ಚರ್ಮದಂತಾಗುತ್ತದೆ.