ಅಮಲ್ದಾರ: ಹುಜೂರಿನಿಂದ ಹೋಬಳಿಯವರೆಗೆ

ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಆದದ್ದು 1868ರಲ್ಲಿ. ಈ ದಂಡೆಯ ರೈತನಿಗೆ ತಾಲ್ಲೂಕಿನ ದೊಡ್ಡ ಅಧಿಕಾರಿ ಎಂದರೆ ಅಮಲ್ದಾರರು. ಹೊಳೆ ದಾಟಿ ರಾಣೆಬೆನ್ನೂರು ಸೀಮೆಗೆ ಹೋದರೆ ಅದೇ ಗಾದಿಯಲ್ಲಿ ಮಾಮಲೇದಾರರು. ಹರಪನಹಳ್ಳಿ ಕಡೆ ತಿರುಗಿದರೆ ತಹಶೀಲ್ದಾರರು. ಈ ದಂಡೆ ಮೈಸೂರು ಸಂಸ್ಥಾನ, ಆ ದಂಡೆ ಮುಂಬಯಿ ಪ್ರಾಂತ್ಯ, ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಒಂದು ದಿನದ ಗಾಡಿ ಹಾದಿಯಲ್ಲಿ ಒಂದೇ ಕೆಲಸಕ್ಕೆ ಮೂರು ಹೆಸರು. ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳ ಹಳೇ ಪೆಟ್ಟಿಗೆಯಲ್ಲಿ ಸಿಗುವ ಕಾಗದ ಯಾವ ಆಡಳಿತದ್ದು ಎಂದು ತಿಳಿಯಲು ಎಷ್ಟೋ ಸಲ ಈ ಹುದ್ದೆಯ ಹೆಸರೊಂದೇ ಸಾಕು.

‘ಅಮಲ್’ ಅರಬ್ಬಿಯಿಂದ ಬಂದ ಮಾತು. ಕೆಲಸ, ಕಾರ್ಯ ಎಂಬುದು ಮೂಲಾರ್ಥ. ಅಲ್ಲಿಂದ ಅಧಿಕಾರ, ಆಡಳಿತ ಎಂಬ ಅರ್ಥಕ್ಕೆ ಹರಡಿತು. ‘ದಾರ’ ಪಾರಸಿಯದು, ಹೊಂದಿರುವವನು ಎಂದರ್ಥ. ಅಧಿಕಾರ ನಡೆಸುವವನು ಅಮಲ್ದಾರ. ಮಾಮಲೇದಾರ ಬೇರೆ ಮಾತಿನಂತೆ ಕೇಳಿಸಿದರೂ ಅದರೊಳಗೂ ಇದೇ ಅರಬ್ಬಿ ಧಾತು ಇದೆ. ಮಾಮಲೆ ಎಂದರೆ ವ್ಯವಹಾರ. ತಹಶೀಲ್ದಾರ ಮಾತ್ರ ವಸೂಲಿ ಎಂಬ ಅರ್ಥದ ‘ತಹಸೀಲ್’ ಎಂಬ ಬೇರೆ ಮಾತಿನಿಂದ ಹುಟ್ಟಿದ ಹೆಸರು. ಕನ್ನಡದಲ್ಲಿ ಅಮಲು ಎಂದರೆ ನಶೆಯೂ ಹೌದು, ಅಧಿಕಾರವೂ ಹೌದು. ‘ಕಾನೂನು ಅಮಲಿಗೆ ಬಂತು’ ಎನ್ನುವಾಗ ನಾವು ಹೇಳುವುದು ಎರಡನೆಯದನ್ನು.

ಹಾಗಾದರೆ ಅಮಲ್ದಾರ ಯಾರ ಅಮಲನ್ನು ನಡೆಸುತ್ತಿದ್ದ? ದೊರೆಯದ್ದೋ, ಕಾಯಿದೆಯದ್ದೋ? ಹುದ್ದೆಯ ಹೆಸರು ಒಂದೇ ಇದ್ದರೂ ಕಾಲ ಕಾಲಕ್ಕೆ ಉತ್ತರ ಬದಲಾಗಿದೆ. ಆದ್ದರಿಂದ ಹಳೇ ಕಾಗದದಲ್ಲಿ ಅಮಲ್ದಾರ ಎಂಬ ಪದ ಕಂಡರೆ ಮೊದಲು ಇಸವಿ ನೋಡಬೇಕು, ಆಮೇಲೆ ಅರ್ಥ ಮಾಡಬೇಕು.

ಮೊದಲಿನ ಕಾಲದಲ್ಲಿ ಆಸ್ಥಾನದವನು ಬೇರೆ, ಸರ್ಕಾರಿ ನೌಕರ ಬೇರೆ ಎಂಬ ಗೆರೆಯೇ ಇರಲಿಲ್ಲ. ದೊರೆಯ ಎದುರು ನಿಲ್ಲಬಲ್ಲವನೇ ಸೀಮೆಯನ್ನೂ ಆಳುತ್ತಿದ್ದ. ‘ಹುಜೂರು’ ಎಂದರೆ ಸನ್ನಿಧಿ, ದೊರೆ ಇರುವ ಜಾಗ. ಸೇವೆಗೆ ಪ್ರತಿಫಲವಾಗಿ ಸಂಬಳಕ್ಕಿಂತ ಜಹಗೀರು ಸಿಗುವುದೇ ದೊಡ್ಡದು. ದಾವಣಗೆರೆ ಪೇಟೆಯಾಗಿ ಬೆಳೆದದ್ದಕ್ಕೂ ಇಂಥ ಒಂದು ಜಹಗೀರಿನ ನಂಟಿದೆ. ಹೈದರಾಲಿ ಇದನ್ನು ಅಪ್ಪಾಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರು ಬಿಟ್ಟುಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ದಿವಾನ್ ಪೂರ್ಣಯ್ಯನವರದ್ದೂ ಇದೇ ಹಾದಿ. ಲೆಕ್ಕಪತ್ರದ ಕೆಲಸದಿಂದ ಮೇಲೆ ಬಂದು, ಹೈದರ್, ಟಿಪ್ಪು ಇಬ್ಬರ ಬಳಿಯೂ ಇದ್ದು, 1799ರಿಂದ 1811ರವರೆಗೆ ಮೈಸೂರಿನ ದಿವಾನರಾದರು. ಅವರಿಗೆ ಯಳಂದೂರು ಜಹಗೀರಾಗಿ ಬಂತು.

ಪೂರ್ಣಯ್ಯನವರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಸಂಸ್ಥಾನ ಆರು ಫೌಜುದಾರಿಗಳಾಗಿ ಹಂಚಿಕೊಂಡಿತ್ತು. ಚಿತ್ರದುರ್ಗ ಅದರಲ್ಲೊಂದು. ಫೌಜುದಾರನ ಕೈಕೆಳಗೆ ತಾಲ್ಲೂಕಿಗೊಬ್ಬ ಅಮಲ್ದಾರ. ಈ ಪದಕ್ಕೆ ಕೆಟ್ಟ ಹೆಸರು ಅಂಟಿದ್ದು ಆಗಲೇ, ಮತ್ತು ಅದಕ್ಕೆ ಕಾರಣ ಷರತ್ತು ಪದ್ಧತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಮಲ್ದಾರನಾಗಿ ಬರುವವನು ಈ ತಾಲ್ಲೂಕಿನಿಂದ ವರ್ಷಕ್ಕೆ ಇಷ್ಟು ಹುಟ್ಟುವಳಿ ತಂದುಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ ಸೇರಿತು. ಕಡಿಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಉದಾಹರಣೆಗೆ ಷರತ್ತು 10,000 ವರಹ ಎಂದಿಟ್ಟುಕೊಳ್ಳಿ. ಮಳೆ ಕೈಕೊಟ್ಟು 8,000 ಹುಟ್ಟಿತು. ಉಳಿದ 2,000 ವರಹ ಎಲ್ಲಿಂದ ಬರಬೇಕು? ಆ ಕಾಲದ ಒಂದು ವರಹಕ್ಕೆ ಸುಮಾರು 3 ರೂಪಾಯಿ, ಸಣ್ಣ ಮೊತ್ತವಲ್ಲ. ಬರಗಾಲದ ವರ್ಷ ಕಂದಾಯ ಬಿಡಬೇಕಾದವನೇ ಆ ವರ್ಷ ಹೆಚ್ಚು ಹಿಂಡಲು ನಿಲ್ಲುತ್ತಿದ್ದ. ಒಬ್ಬ ಅಮಲ್ದಾರ ಕೆಟ್ಟವನು, ಇನ್ನೊಬ್ಬ ಒಳ್ಳೆಯವನು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಮಳೆಯ ನಷ್ಟವನ್ನು ನೌಕರನ ತಲೆಗೆ ಕಟ್ಟಿದ ಮೇಲೆ ಅವನು ಅದನ್ನು ರೈತನ ತಲೆಗೆ ದಾಟಿಸದೆ ಬೇರೆ ದಾರಿ ಇರಲಿಲ್ಲ. ರೈತರು ಕೂಟ ಕಟ್ಟಿದರು. 1830-31ರಲ್ಲಿ ನಗರ (ಬಿದನೂರು) ಸೀಮೆಯ ದಂಗೆ ಎದ್ದಿತು. ಹೊನ್ನಾಳಿ ಸೀಮೆಯೂ ಅದರಲ್ಲಿ ಬೆಂದಿತು. 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಮಹಾರಾಜರ ಕೈಯಿಂದ ಆಡಳಿತ ತೆಗೆದುಕೊಂಡರು. ಮುಂದಿನ 50 ವರ್ಷ ಕಮಿಷನರುಗಳ ಆಳ್ವಿಕೆ.

ಕಮಿಷನರುಗಳು ಪದವನ್ನು ಉಳಿಸಿಕೊಂಡು ಅದರ ಒಳಗನ್ನು ಬದಲಿಸಿದರು. ಅಮಲ್ದಾರನಿಗೆ ಗೊತ್ತಾದ ಸಂಬಳ, ವರ್ಗಾವಣೆ, ಮೇಲಧಿಕಾರಿಗೆ ಲೆಕ್ಕ ಒಪ್ಪಿಸುವ ಹೊಣೆ ಬಂತು. 1863ರಲ್ಲಿ ಕಂದಾಯ ಸರ್ವೆ ಶುರುವಾದದ್ದು ಚಿತ್ರದುರ್ಗ ಜಿಲ್ಲೆಯ ಕಡೆಯಿಂದಲೇ, ಪಕ್ಕದ ಮುಂಬಯಿ ಪ್ರಾಂತ್ಯದ ಮಾದರಿಯಲ್ಲಿ. ಸರ್ವೆ ನಂಬರು ಬಂದ ಮೇಲೆ ಯಾವ ಹೊಲಕ್ಕೆ ಎಷ್ಟು ಕಂದಾಯ ಎಂಬುದು ಪುಸ್ತಕದಲ್ಲಿ ಕೂತಿತು. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಮಳೆ ನೆಚ್ಚಿದ ಖುಷ್ಕಿ, ನೀರಾವರಿಯ ತರಿ, ತೋಟದ ಬಾಗಾಯ್ತು ಎಂದು ಮೂರು ಬಗೆಯ ಜಮೀನು. ಅಮಲ್ದಾರ ಹೇಳಿದ್ದೇ ಲೆಕ್ಕ ಎನ್ನುವ ಕಾಲ ಅಲ್ಲಿಗೆ ಮುಗಿಯಿತು.

ತಾಲ್ಲೂಕು ಕಚೇರಿಯ ಏಣಿ ಹೀಗಿತ್ತು. ಹಳ್ಳಿಯಲ್ಲಿ ಪಟೇಲ, ಶಾನುಭೋಗ, ತಳವಾರ, ತೋಟಿ, ಕೆರೆಗೆ ನೀರುಗಂಟಿ, ಇವರು ವಂಶಪಾರಂಪರ್ಯದವರು. ಹೋಬಳಿಗೆ ಶೇಕ್ದಾರ, ಈಗಿನ ರೆವಿನ್ಯೂ ಇನ್ಸ್‌ಪೆಕ್ಟರ್. ಕಚೇರಿಯಲ್ಲಿ ಗುಮಾಸ್ತರು, ಅವರ ಮೇಲೆ ಶಿರಸ್ತೇದಾರರು, ಅವರ ಮೇಲೆ ಅಮಲ್ದಾರರು. ಆಚೆಗೆ ಅಸಿಸ್ಟೆಂಟ್ ಕಮಿಷನರ್, ಡೆಪ್ಯುಟಿ ಕಮಿಷನರ್, ಬೆಂಗಳೂರಿನ ಸೆಕ್ರೆಟೇರಿಯಟ್, ಕೌನ್ಸಿಲ್, ದಿವಾನರು. ಶೇಕ್ದಾರನಿಂದ ಮೇಲಿನವರೆಲ್ಲ ವರ್ಗವಾಗುವವರು, ಕೆಳಗಿನವರು ಊರಿಗೇ ಅಂಟಿದವರು. ಈ ಭೇದ ಮರೆತವರು ‘ನಮ್ಮ ತಾತ ಅಮಲ್ದಾರರಾಗಿದ್ದರು, ಅವರ ತಂದೆಯೂ ಅದೇ ಊರಲ್ಲಿ ಅಮಲ್ದಾರರು’ ಎಂದು ಬರೆದುಕೊಂಡಿರುತ್ತಾರೆ. ಬಹುಪಾಲು ಅದು ಶಾನುಭೋಗಿಕೆ ಆಗಿರುತ್ತದೆ.

ಏಣಿ ಹತ್ತಲು ಮೂರು ದಾರಿ ಇದ್ದವು. ಒಂದು, ಕಚೇರಿಯ ಕೆಳಗಿನ ಮೆಟ್ಟಿಲಿನಿಂದಲೇ ಹತ್ತುವುದು. ಕೆ. ಶೇಷಾದ್ರಿ ಅಯ್ಯರ್ 1868ರಲ್ಲಿ ಮೈಸೂರಿಗೆ ಬಂದದ್ದು ಅಷ್ಟಗ್ರಾಮ ವಿಭಾಗದ ಜುಡಿಷಿಯಲ್ ಶಿರಸ್ತೇದಾರರಾಗಿ. 1883ರಿಂದ 1901ರವರೆಗೆ ದಿವಾನರು. ಎರಡನೆಯದು ಅರಮನೆಯ ಬಾಗಿಲು. ಸಿ. ರಂಗಾಚಾರ್ಲು ಅರಮನೆಯ ಸಾಲ, ಸಾಮಾನು, ಖರ್ಚಿನ ಲೆಕ್ಕ ನೇರ ಮಾಡಲು ಬಂದವರು. 1881ರ ಮಾರ್ಚ್ 25ರಂದು ಆಡಳಿತ ಮತ್ತೆ ಒಡೆಯರ ಕೈಗೆ ಬಂದಾಗ ಮೊದಲ ದಿವಾನರಾದರು. ಮಿರ್ಜಾ ಇಸ್ಮಾಯಿಲ್ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಹುಜೂರ್ ಸೆಕ್ರೆಟರಿ, ಪ್ರೈವೇಟ್ ಸೆಕ್ರೆಟರಿ ಆಗಿದ್ದು 1926ರಲ್ಲಿ ದಿವಾನರಾದರು, 1941ರವರೆಗೆ ಇದ್ದರು. ಮೂರನೆಯದು ಪರೀಕ್ಷೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಬಂದ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಪಾಸಾದವರು ಪ್ರೊಬೇಷನರಿ ಅಸಿಸ್ಟೆಂಟ್ ಕಮಿಷನರ್ ಆಗಿ ನೇರ ಮೇಲಿನ ಮೆಟ್ಟಿಲಿಗೇ ಕಾಲಿಡುತ್ತಿದ್ದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹಾಗೆ ಬಂದವರು. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಹೋದಾಗ 1943ರಲ್ಲಿ ಬಿಟ್ಟು ನಡೆದರು. ಪರೀಕ್ಷೆಯವರು ಬಂದ ಮೇಲೆ, ತಲೆ ನರೆಯುವವರೆಗೆ ದುಡಿದು ಅಮಲ್ದಾರರಾದವರು 25ರ ಹುಡುಗನ ಮುಂದೆ ಲೆಕ್ಕ ಒಪ್ಪಿಸಬೇಕಾಯಿತು. ಆ ನೋವನ್ನು ಅಂದಿನ ಕಚೇರಿಗಳ ಬಗ್ಗೆ ಬರೆಯುವವರು ಹಗುರವಾಗಿ ನೋಡಬಾರದು.

ಅಮಲ್ದಾರರ ಕೆಲಸಗಳಲ್ಲಿ ತೂಕದ್ದು ಜಮಾಬಂದಿ, ಅಂದರೆ ವರ್ಷಕ್ಕೊಮ್ಮೆ ಹಳ್ಳಿ ಲೆಕ್ಕವನ್ನು ಪೂರಾ ತಾಳೆ ನೋಡುವುದು. ಮೊದಲು ಶಾನುಭೋಗ ಪಹಣಿ, ಖಾತೆ, ದಿನದ ಜಮಾಖರ್ಚಿನ ಕಿರ್ದಿಗಳನ್ನು ಕಟ್ಟಿಕೊಂಡು ಬರಬೇಕು. ಪಹಣಿಯಲ್ಲಿ ಬರೆದ ಬೆಳೆ ಹೊಲದಲ್ಲಿ ಇತ್ತೇ ಎಂಬುದನ್ನು ಶೇಕ್ದಾರ ಹೊಲಕ್ಕೆ ಹೋಗಿ ನೋಡಿರಬೇಕು. ಆಮೇಲೆ ಬರಬೇಕಾದದ್ದು, ಬಂದದ್ದು, ಬಾಕಿ ಎಂದು ಮೂರು ಕಲಂ ಹಾಕಿ ಕೂಡಿಸಬೇಕು. ರೈತನ ಕೈಯ ರಸೀತಿ, ಕಿರ್ದಿಯ ದಾಖಲೆ, ತಾಲ್ಲೂಕು ಖಜಾನೆಗೆ ಕಟ್ಟಿದ ಮೊತ್ತ ಈ ಮೂರೂ ಕೂಡಬೇಕು. ಎಡವಟ್ಟು ಆಗುವುದು ಸಾಮಾನ್ಯವಾಗಿ ಎರಡು ಕಡೆ. ಪಟೇಲ ವಸೂಲು ಮಾಡಿದ ಹಣ ಖಜಾನೆ ಮುಟ್ಟುವ ಮೊದಲು ಕೈಯಲ್ಲೇ ಉಳಿಯುವ ದಿನಗಳಲ್ಲಿ, ಮತ್ತು ಕೆರೆ ಒಣಗಿದ ವರ್ಷವೂ ತರಿ ದರವೇ ಮುಂದುವರಿದಾಗ. ಎರಡನೆಯದರಲ್ಲಿ ತಪ್ಪು ಕಾಗದದ ಮೇಲೆ ಕಾಣುವುದೇ ಇಲ್ಲ. ಲೆಕ್ಕ ಸರಿಯಾಗಿ ಕೂಡಿರುತ್ತದೆ, ರೈತ ಮಾತ್ರ ಮುಳುಗಿರುತ್ತಾನೆ. ಬರದ ಸೀಮೆಯಾದ ಚಳ್ಳಕೆರೆ, ಹಿರಿಯೂರು ಕಡೆ ಒಳ್ಳೆ ಅಮಲ್ದಾರನ ಗುಣ ಗೊತ್ತಾಗುತ್ತಿದ್ದದ್ದು ಕೆರೆ ಅಂಗಳಕ್ಕೆ ತಾನೇ ಇಳಿದು ನೋಡುತ್ತಾನೋ ಇಲ್ಲವೋ ಎಂಬುದರಲ್ಲಿ. ಹಿರಿಯೂರಿಗೆ ವೇದಾವತಿಯ ಮಾರಿಕಣಿವೆ ಅಣೆಕಟ್ಟು 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ರೀಜೆಂಟ್ ಮಹಾರಾಣಿಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರ. ಅಂಥ ಕಾಲುವೆ ನೀರು ಬಂದ ಕಡೆ ಖುಷ್ಕಿ ಹೊಲ ತರಿಗೆ ಬದಲಾಗುವ ಲೆಕ್ಕವೂ ಕಂದಾಯ ಇಲಾಖೆಯ ಪಾಲಿಗೇ.

ಇದರ ಜೊತೆಗೆ ಮ್ಯಾಜಿಸ್ಟ್ರೇಟ್ ಅಧಿಕಾರ, ಮುಜರಾಯಿ ದೇವಸ್ಥಾನಗಳ ಉಸ್ತುವಾರಿ, ಜಾತ್ರೆ ಬಂದೋಬಸ್ತು. ಅಮಲ್ದಾರರು ಹೊರಟರೆ ಮುಂದೆ ಹಿತ್ತಾಳೆ ಬಿಲ್ಲೆ ತೊಟ್ಟ ದಲಾಯತ, ಅಂದರೆ ಜವಾನ. ದರ್ಬಾರಿನ ಜರಿಪೇಟ, ಕಪ್ಪು ನಿಲುವಂಗಿ ಹಾಕಿ ತೆಗೆಸಿದ ಪಟ ಎಷ್ಟೋ ಮನೆಗಳ ಗೋಡೆ ಮೇಲಿದೆ. ಪೇಟ ಕಂಡ ಮಾತ್ರಕ್ಕೆ ಆ ಹಿರಿಯರು ಅರಮನೆಯಲ್ಲಿದ್ದರು ಎಂದುಕೊಳ್ಳಬಾರದು. ರಾಜಸೇವಾಸಕ್ತದಂಥ ಬಿರುದುಗಳು ಕೂಡ ಅರಮನೆ ಊಳಿಗದವರಿಗಷ್ಟೇ ಮೀಸಲಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರಿಗೂ ಅದು ಬಂದಿತ್ತು. ಬಿರುದು ಬೇರೆ, ಹುದ್ದೆ ಬೇರೆ.

ಕಚೇರಿಯಲ್ಲಿ ಈಗ ಫೈಲಿಗೆ ಕಡತ ಎನ್ನುತ್ತೇವೆ. ಮೂಲದ ಕಡತ ಬಟ್ಟೆಯದು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಹೀಗಾಗಿ ಮನೆಯಲ್ಲಿ ಕಡತ ಸಿಕ್ಕರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಉಜ್ಜಬೇಡಿ. ಮಡಿಕೆಯ ಗೆರೆಯಲ್ಲೇ ಬಟ್ಟೆ ಬಿರಿಯುವುದರಿಂದ ಒತ್ತಿ ಚಪ್ಪಟೆ ಮಾಡಲೂ ಹೋಗಬೇಡಿ. ಹಾಸಿದ ಬಿಳಿ ಬಟ್ಟೆಯ ಮೇಲೆ ಒಂದೊಂದೇ ಮಡಿಕೆ ಬಿಚ್ಚಿ, ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಓರೆ ಬೆಳಕಿಗೆ ಎದ್ದು ಬರುತ್ತದೆ.

ಕಾಗದ ಓದುವಾಗ ಮೊದಲು ಹಣದ ಲೆಕ್ಕ ನೋಡಿ. ವರಹ, ‘ಹಣ’ ಎಂಬ ಹಳೇ ನಾಣ್ಯಗಳ ಲೆಕ್ಕ ಇದ್ದರೆ ಹಳೇ ಕಾಲದ್ದಿರಬಹುದು; ರೂಪಾಯಿ, ಆಣೆ, ಪೈ ಇದ್ದರೆ ಈಚಿನದು. ಅಳತೆ ಖಂಡುಗ, ಕೊಳಗದಲ್ಲಿದೆಯೋ, ಎಕರೆ, ಗುಂಟೆಯಲ್ಲಿದೆಯೋ ನೋಡಿ. ಸರ್ವೆ ನಂಬರು ಇದ್ದರೆ ಅದು 1863ಕ್ಕಿಂತ ಹಿಂದಿನದಲ್ಲ. ಮೈಸೂರಿನ ಸರ್ಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತಿತ್ತು. ‘1912-13ನೇ ಸಾಲು’ ಎಂದಿದ್ದರೆ ಈಗಿನಂತೆ ಏಪ್ರಿಲ್‌ನಿಂದ ಎಣಿಸಬಾರದು. ಮೂರು ತಿಂಗಳು ತಪ್ಪುತ್ತದೆ, ಆ ಮೂರು ತಿಂಗಳಲ್ಲಿ ಅಮಲ್ದಾರರು ವರ್ಗವಾಗಿ ಬೇರೆಯವರು ಬಂದಿರಬಹುದು. ಒಬ್ಬ ಅಧಿಕಾರಿಯ ಜೀವನಪೂರ್ತಿ ಜಾಡು ಹಿಡಿಯಬೇಕೆಂದರೆ 1866ರಿಂದ ಹೊರಟ ಮೈಸೂರು ಗೆಜೆಟ್ ಹುಡುಕಬೇಕು. ನೇಮಕ, ರಜೆ, ವರ್ಗಾವಣೆ ಅದರಲ್ಲಿ ಅಚ್ಚಾಗುತ್ತಿದ್ದವು. ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಅದಕ್ಕೆ ಸರಿಯಾದ ಜಾಗ. ಹೆಸರೊಂದನ್ನೇ ಹಿಡಿದು ಹೋದರೆ ಒಂದೇ ಹೆಸರಿನ ನಾಲ್ವರು ಸಿಗುತ್ತಾರೆ. ತಾಲ್ಲೂಕು ಮತ್ತು ಇಸವಿ ಎರಡನ್ನೂ ಬರೆದುಕೊಂಡು ಹೋಗಿ.

ರಾಜ್ಯ ಒಂದಾದ ಮೇಲೆ ಮೂರು ಹೆಸರುಗಳಲ್ಲಿ ಒಂದನ್ನು ಆರಿಸಲೇಬೇಕಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ತೆಗೆದುಹಾಕಿತು. 1964ರ ಭೂಕಂದಾಯ ಕಾಯಿದೆಯಲ್ಲಿ ಉಳಿದದ್ದು ತಹಶೀಲ್ದಾರ. ಅಮಲ್ದಾರ, ಮಾಮಲೇದಾರ ಎರಡೂ ಹೋದವು. ಹಳ್ಳಿಯ ವಯಸ್ಸಾದವರ ಬಾಯಲ್ಲಿ ಮಾತ್ರ ‘ಅಮಲ್ದಾರ್ರು ಬಂದಿದ್ರು’ ಎಂಬ ಮಾತು ಬಹುಕಾಲ ಉಳಿಯಿತು. ಕೋರ್ಟಿನಲ್ಲಿ ಡಿಕ್ರಿ ಜಾರಿ ಮಾಡಿಸಲು ಹಾಕುವ ಅರ್ಜಿಗೆ ಇವತ್ತೂ ಅಮಲ್ಜಾರಿ ಅರ್ಜಿ ಎನ್ನುತ್ತಾರೆ. ಜಮಾಬಂದಿ ಗ್ರಾಮ ಪಂಚಾಯಿತಿಗೆ ಬಂದು ಸೇರಿದೆ. ವರ್ಷಕ್ಕೊಮ್ಮೆ ಊರವರ ಎದುರು ಪಂಚಾಯಿತಿಯ ಲೆಕ್ಕ ತೆರೆಯುವ ದಿನಕ್ಕೆ ಅದೇ ಹೆಸರು. ಆ ದಿನ ರಸೀತಿ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಕೇಳಿ.