ಆರ್ಗೆಲಾಂಡರ್ ಮೆಟ್ಟಿಲು: ನಕ್ಷತ್ರದ ಹೊಳಪನ್ನು ಬರಿಗಣ್ಣಲ್ಲೇ ಅಳೆಯೋದು

ಚರ ನಕ್ಷತ್ರ ಅಂದರೆ ಹೊಳಪು ಏರಿಳಿಯುವ ನಕ್ಷತ್ರ. ಖಗೋಳದ ಪುಸ್ತಕದಲ್ಲಿ ಚರ ನಕ್ಷತ್ರಗಳ ಪಾಠ ಬಂದಾಗ ಆರ್ಗೆಲಾಂಡರ್ ಹೆಸರು ಒಂದು ಸಾಲಲ್ಲಿ ಬಂದು ಹೋಗುತ್ತದೆ. ಅಷ್ಟು ಸಾಲದು.

ಫ್ರೀಡ್ರಿಕ್ ಆರ್ಗೆಲಾಂಡರ್ (1799–1875) ಖಗೋಳಜ್ಞರು, ಖಗೋಳಜ್ಞ ಬೆಸೆಲ್ ಅವರ ಶಿಷ್ಯ, ಜರ್ಮನಿಯ ಬಾನ್‌ನಲ್ಲಿದ್ದವರು. 1844ರಲ್ಲಿ ಖಗೋಳಪ್ರಿಯರಿಗೆ ಒಂದು ಮನವಿ ಬರೆದರು. ಆಗ ಗೊತ್ತಿದ್ದ ಚರ ನಕ್ಷತ್ರಗಳು ಎರಡು ಡಜನ್ ಕೂಡ ಇರಲಿಲ್ಲ. ವೀಕ್ಷಣಾಲಯದವರು ಎಷ್ಟೂಂತ ನೋಡ್ತಾರೆ? ನೀವೂ ನೋಡಿ, ಬರೆದಿಡಿ ಅಂತ ಕೇಳಿದರು. ಸುಮ್ನೆ ಕೇಳಲಿಲ್ಲ, ಹೇಗೆ ನೋಡಬೇಕು ಅಂತಲೂ ಹೇಳಿಕೊಟ್ಟರು.

ವಿಧಾನ ಇದು. ಎರಡು ನಕ್ಷತ್ರಗಳನ್ನು ಒಂದಾದ ಮೇಲೊಂದು ನೋಡಿ. ವ್ಯತ್ಯಾಸವೇ ಇಲ್ಲದಿದ್ದರೆ 0. ಮೊದಲು ಸಮ ಅನ್ನಿಸಿ, ಮತ್ತೆ ಮತ್ತೆ ನೋಡಿದಾಗ ಒಂದು ತುಸು ಜಾಸ್ತಿ ಹೊಳೆದರೆ 1 ಮೆಟ್ಟಿಲು. ಸ್ವಲ್ಪ ಹೊತ್ತಿಗೇ ಖಚಿತವಾದರೆ 2. ಕಣ್ಣು ಹಾಯಿಸಿದ ಕೂಡಲೇ ಗೊತ್ತಾದರೆ 3.

ತಾರಸಿ ಮೇಲೆ ನಾನೂ ಆರ್ದ್ರಾ ಎಂಬ ಕೆಂಪು ಚರ ನಕ್ಷತ್ರ ನೋಡಿದೆ. ಪ್ರೋಸಿಯಾನ್‌ಗಿಂತ 2 ಮೆಟ್ಟಿಲು ಮಂಕು, ರೋಹಿಣಿಗಿಂತ 3 ಮೆಟ್ಟಿಲು ಹೊಳಪು ಅನ್ನಿಸಿತು. ಪ್ರೋಸಿಯಾನ್‌ನ ಕಾಂತಿಮಾನ (ಹೊಳಪಿನ ಅಳತೆ) 0.4, ರೋಹಿಣಿಯದು 0.9. ನಡುವಿನ 0.5 ಅನ್ನು 5 ಮೆಟ್ಟಿಲಿಗೆ ಹಂಚಿದರೆ ಒಂದಕ್ಕೆ 0.1. ಆರ್ದ್ರಾ 0.6! (ಕಾಂತಿಮಾನ ಜಾಸ್ತಿಯಾದಷ್ಟೂ ನಕ್ಷತ್ರ ಮಂಕು. ಇದರಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ.) ಕೆಂಪು ನಕ್ಷತ್ರವನ್ನು ದಿಟ್ಟಿಸಬೇಡಿ, ನೋಡ್ತಾ ನೋಡ್ತಾ ಹೊಳಪು ಹೆಚ್ಚಿದಂತೆ ಕಾಣುತ್ತದೆ. ನನ್ನ ಮೊದಲ ಲೆಕ್ಕ ಕೆಟ್ಟಿದ್ದು ಹಾಗೇ.

ಹೆಸರಿಡುವ ಪದ್ಧತಿಯೂ ಅವರದೇ. ನಕ್ಷತ್ರಗಳಿಗೆ ಅಕ್ಷರದ ಹೆಸರಿಟ್ಟ ಬೇಯರ್ ಅವರ ಅಕ್ಷರಗಳು 'ಕ್ಯೂ' (Q) ಅಕ್ಷರಕ್ಕೆ ಮುಗಿದಿದ್ದವು, ಹಾಗಾಗಿ ಚರ ನಕ್ಷತ್ರಗಳು ಆರ್‌ನಿಂದ ಶುರು. 1867ರಲ್ಲಿ ಮದರಾಸು ವೀಕ್ಷಣಾಲಯದ ರಘುನಾಥಾಚಾರಿ ಕಂಡುಹಿಡಿದ ಚರ ನಕ್ಷತ್ರ ಆರ್ ರೆಟಿಕ್ಯುಲಿ. ಆ 'ಆರ್' ಬಂದದ್ದು ಇಲ್ಲಿಂದಲೇ.

ಪರೀಕ್ಷೆಗೆ ಬರೋದು ಮಾತ್ರ ಅವರ ಬಾನ್ ನಕ್ಷತ್ರಪಟ್ಟಿ. 1859ರಿಂದ 1862ರವರೆಗೆ ಅಚ್ಚಾಯಿತು, 3,24,188 ನಕ್ಷತ್ರಗಳು. ಫೋಟೊ ಇಲ್ಲ. 78 ಮಿಲಿಮೀಟರ್ ಮಸೂರದ ಪುಟ್ಟ ದೂರದರ್ಶಕ, ಶೋನ್‌ಫೆಲ್ಡ್ ಮತ್ತು ಕ್ರೂಗರ್ ಎಂಬ ಸಹಾಯಕರು, ಗಡಿಯಾರ, ಅಷ್ಟೇ. ಪಟ್ಟಿಯಲ್ಲಿ ನಕ್ಷತ್ರಗಳಿಗೆ ಕೊಟ್ಟ ಸಂಖ್ಯೆಗಳು ಇವತ್ತೂ ಬಳಕೆಯಲ್ಲಿವೆ. ಬರ್ನಾರ್ಡ್ ನಕ್ಷತ್ರದ ಗುರುತು BD +04°3561ಎ ('BD' ಅಂದರೆ ಈ ಬಾನ್ ಪಟ್ಟಿ). ಕೊನೆಯ 'ಎ' ಯಾಕೆ ಗೊತ್ತಾ? ಮೂಲ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು, ಆಮೇಲೆ ಸೇರಿಸಿದರು.